ತಾಡೋಬಾದಲ್ಲಿ ಅತ್ತೆ ಹೇಳಿದ್ದು

ಭೂಕಂಪವಾದ ಮರುವರ್ಷ ಅಪ್ಪ ಉದಗೀರದ ನಮ್ಮ ಬಟ್ಟೆ ಅಂಗಡಿಯ ಟೆಂಪೋದಲ್ಲಿ ಗಾದಿ ಹಾಸಿ, ಸ್ಟೋ, ಪಾತ್ರೆ ಇಟ್ಟುಕೊಂಡು ನಮ್ಮನ್ನು ತಾಡೋಬಾ ಅಡವಿ ನೋಡಲು ಕರೆದೊಯ್ದರು. ಉಮರಗಾ ಹತ್ತಿರದ ಹಳ್ಳಿಯಲ್ಲಿ ಮನೆ ಕುಸಿದು ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದ ಅಪ್ಪನ ಅಕ್ಕ, ನನ್ನ ಅತ್ತೆ, ಜೊತೆಗಿದ್ದರು. ಹಸಿರು ಕಂಡರೆ ಅವರ ಮನಸ್ಸು ಸ್ವಲ್ಪ ಹಗುರಾದೀತೆಂದು ಅಪ್ಪನ ಆಸೆ. ಮನೆಯೊಳಗೆ ಮಲಗುವುದನ್ನೇ ಬಿಟ್ಟಿದ್ದ ಅತ್ತೆಗೆ ಟೆಂಪೋದಲ್ಲಿ ನಿದ್ದೆಯೂ ಬಂತು.

ಮರುದಿನ ಕೆರೆಯ ದಂಡೆಯಲ್ಲಿ ಮೇಯುತ್ತಿದ್ದ ಜಿಂಕೆಗಳು ಒಮ್ಮೆಲೇ ತಲೆ ಎತ್ತಿ ಓಡಿದವು. ನಮಗೇನೂ ಕಾಣಲಿಲ್ಲ. ಅಪಾಯ ಬರುವುದು ಪ್ರಾಣಿಗಳಿಗೆ ಮೊದಲೇ ತಿಳಿಯುತ್ತದೆಂದು ಗೈಡ್ ಮರಾಠಿಯಲ್ಲಿ ವಿವರಿಸಿದ.

ಅತ್ತೆ ಅಪ್ಪನತ್ತ ತಿರುಗಿದರು. "ಭೂಮಿ ನಡಗೂ ಮೊದಲ ನಮ್ಮ ನಾಯಿ ಬಾಗಲಾ ಕೆರದು ಕೆರದು ಒದರಿತ್ತು, ತಮ್ಮಾ. ನಾ ಅದಕ್ಕ ಬೈದು, ಎದ್ದ ಮಕ್ಕಳ್ನ ಮತ್ತ ಮಲಗಿಸಿದೆ."

"ನಿನಗೇನ್ ಗೊತ್ತಿತ್ತು, ಅಕ್ಕಾ?"

"ಅದಕ್ಕ ಗೊತ್ತಿತ್ತಲ್ಲ."

ಇನ್ನೆರಡು ದಿನ ಇರಬೇಕೆಂದಿದ್ದವರು ಅಂದು ಮಧ್ಯಾಹ್ನವೇ ಊರಿಗೆ ಹೊರಟೆವು. ದಾರಿಯುದ್ದಕ್ಕೂ ಅವ್ವ ಅತ್ತೆಯ ಕೈ ಹಿಡಿದುಕೊಂಡೇ ಕೂತಿದ್ದಳು. ಅತ್ತೆ ಮಾತ್ರ ಅವಳ ಕಡೆ ನೋಡಲಿಲ್ಲ.