ಕರಿಬೆಳ್ಳಿಯ ಧನರಾಜಣ್ಣ

ಧನರಾಜಣ್ಣ ಬಿಳಿ ಅಂಗಿಯ ಒಳಗೆ ಯಾವಾಗಲೂ ಒಂದು ಕರಿ ಟೀ ಶರ್ಟ್ ಹಾಕುತ್ತಿದ್ದರು. ಅವರದು ಔರಾದಿನ ದನದ ದವಾಖಾನೆಯಲ್ಲಿ ನೌಕರಿ. ನೌಕರಿಗೆ ಬಿಳಿ ಅಂಗಿಯೇ ಬೇಕೆಂದು ಅವರಷ್ಟಕ್ಕೆ ಅವರೇ ತೀರ್ಮಾನಿಸಿಕೊಂಡಿದ್ದರು, ಇಲಾಖೆಯವರು ಯಾರೂ ಹೇಳಿದ್ದಲ್ಲ. ಬಿಸಿಲಿಗೆ ಬೆವತು ಅಂಗಿ ಮೈಗೆ ಅಂಟಿತೆಂದರೆ ಒಳಗಿನ ಅಕ್ಷರ ನಿಚ್ಚಳವಾಗಿ ಕಾಣುತ್ತಿತ್ತು: ‘ಕರಿಬೆಳ್ಳಿ’. ಎಮ್ಮೆಗೆ ಥರ್ಮಾಮೀಟರ್ ಇಟ್ಟು ಕಾಯುವಾಗ ಅವರ ಇನ್ನೊಂದು ಕೈ ಅದರ ಬೆನ್ನ ಮೇಲೆ ತಾಳ ಹಾಕುತ್ತಿತ್ತು. ಠಾಣಾ ಕುಶನೂರಿನಲ್ಲಿ ಕುರಿಗಳಿಗೆ ಲಸಿಕೆ ಹಾಕುವಾಗ ಹೀಗೇ ಗುನುಗುತ್ತಿದ್ದರಂತೆ. ಕುರಿ ಕಾಯುವ ಅಜ್ಜ ಒಬ್ಬ, “ಇದು ಯಾವ ದೇವರ ಹಾಡ್ರಿ ಡಾಕ್ಟರ?” ಎಂದು ಕೇಳಿದ. “ದೇವರದಲ್ಲೋ ಅಜ್ಜಾ, ನಮ್ಮ ಹುಡುಗರದು. ದೇವರ ಹಾಡಿಗಿಂತ ಜರಾ ಜೋರ್ ಇರ್ತದ,” ಎಂದರಂತೆ ಇವರು.

ಕರಿಬೆಳ್ಳಿ ಎಂದರೆ ನಮ್ಮ ಬೀದರಿನ ರಾಕ್ ಬ್ಯಾಂಡ್. ಬೀದರಿನಲ್ಲಿ ಎಂಥ ರಾಕ್ ಬ್ಯಾಂಡ್ ಎಂದು ನಗುವವರು ನಕ್ಕುಬಿಡಿ, ನನಗೆ ಅಭ್ಯಾಸವಾಗಿದೆ. ಎಲ್ಲರ ಕೈಗೂ ಮೊಬೈಲ್ ಬರುವುದಕ್ಕೆ ಮುಂಚಿನ ಮಾತು. ಕಾಲೇಜಿನ ನಾಲ್ಕು ಹುಡುಗರು ಸೇರಿ ಕಟ್ಟಿದ್ದರು. ಬಿದರಿ ಕೆಲಸದ ಹೂಜಿಯಲ್ಲಿ ಕಪ್ಪಿನ ನಡುವೆ ಬೆಳ್ಳಿ ಗೆರೆ ಹೊಳೆಯುತ್ತದಲ್ಲ, ಅದನ್ನು ನೋಡಿ ಇಟ್ಟ ಹೆಸರು. ಹಾಡುವವನು ಅನಿಲ, ಭಾಲ್ಕಿ ತಾಲೂಕಿನ ಹಲಬರ್ಗಾದವನು. ಡ್ರಮ್ ಬಾರಿಸುವವನು ರಾಜು, ಔರಾದ ತಾಲೂಕಿನ ಠಾಣಾ ಕುಶನೂರಿನವನು. ನಮ್ಮ ಮಾತು, ನಮ್ಮ ದಖನಿ ಉರ್ದು, ನಮ್ಮ ಬಸ್ ಸ್ಟ್ಯಾಂಡಿನ ಬೈಗುಳ ಎಲ್ಲ ಅವರ ಹಾಡಿನಲ್ಲಿ ಇರುತ್ತಿತ್ತು. ಆಗ ನಾನು ಬೀದರಿನಲ್ಲಿ ಬಿ.ಎಡ್. ಓದುತ್ತಿದ್ದೆ. ಒಂದು ಕಾರ್ಯಕ್ರಮವನ್ನೂ ಬಿಟ್ಟವಳಲ್ಲ.

ಒಂದು ಸಂಜೆ ಕಾಲೇಜು ಮೈದಾನದಲ್ಲಿ ಅವರು ಹಾಡುತ್ತಿದ್ದಾಗ ನಡುವೆಯೇ ಅನಿಲ ಹಿಂದೆ ತಿರುಗಿ ರಾಜುವಿಗೆ ಏನೋ ಅಂದ. ರಾಜು ಕೋಲುಗಳನ್ನು ಡ್ರಮ್ ಮೇಲೆ ಇಟ್ಟು ಎದ್ದ, ವೇದಿಕೆ ಇಳಿದ, ಹೋದ. ಅನಿಲ ಡ್ರಮ್ ಇಲ್ಲದೆ ಇನ್ನೊಂದು ಚರಣ ಹಾಡಿ ಮೈಕ್ ಕೆಳಗಿಟ್ಟ. ಅಲ್ಲಿಗೆ ಬ್ಯಾಂಡ್ ಮುಗಿಯಿತು. ಅನಿಲ ಏನು ಅಂದ, ರಾಜು ಯಾಕೆ ಎದ್ದ, ಇಬ್ಬರೂ ಯಾರಿಗೂ ಬಾಯಿ ಬಿಡಲಿಲ್ಲ.

ನಮ್ಮ ಜಗಳ ಶುರುವಾದದ್ದು ಅಲ್ಲಿಂದಲೇ. ಬೀದರ ಬಸ್ ಸ್ಟ್ಯಾಂಡಿನ ಎದುರಿನ ಚಹಾ ಹೋಟೆಲಿನಲ್ಲಿ ಐತವಾರ ಐತವಾರ ಅಭಿಮಾನಿಗಳು ಸೇರುತ್ತಿದ್ದೆವು. ಭಾಲ್ಕಿ ಬಸ್ಸಿನಿಂದ ಇಳಿದವರು ಒಂದು ಬೆಂಚು, ಔರಾದ ಬಸ್ಸಿನವರು ಎದುರು ಬೆಂಚು. ಭಾಲ್ಕಿಯವರ ಪ್ರಕಾರ ಬಿಟ್ಟು ಹೋದ ರಾಜುವಿನದೇ ತಪ್ಪು. ಔರಾದಿನವರ ಪ್ರಕಾರ ಹೋಗುವ ಹಾಗೆ ಮಾಡಿದ ಅನಿಲನದು. ಬೀದರ ಪಟ್ಟಣದವರು ಯಾವ ಬೆಂಚಿಗೂ ಸೇರದೆ ನಿಂತು ಚಹಾ ಕುಡಿಯುತ್ತ ಎರಡೂ ಕಡೆಗೆ ಕಡ್ಡಿ ಗೀರುತ್ತಿದ್ದರು. ನಾನು ಭಾಲ್ಕಿಯವಳು. ಅಷ್ಟರಲ್ಲಿ ಊರ ಸಾಲಿಯಲ್ಲಿ ಗಣಿತ ಹೇಳುವವಳಾಗಿದ್ದೆ, ಸೋಲುವ ಜಾಯಮಾನ ನನ್ನದಲ್ಲ. ನನ್ನ ಪಕ್ಕಕ್ಕೆ ಬಟ್ಟೆ ಅಂಗಡಿಯ ಬಸಣ್ಣ. ಅವನು ಮೇಜು ಗುದ್ದಿದರೆ ಮಿರ್ಚಿ ಭಜಿಯ ತಾಟು ಹಾರುತ್ತಿತ್ತು.

ಔರಾದ ಬೆಂಚಿನ ತುದಿಯಲ್ಲಿ ಧನರಾಜಣ್ಣ. ಬಸಿಯಲ್ಲಿ ಚಹಾ ಹೊಯ್ದುಕೊಂಡು, ಊದಿ, ಎಲ್ಲರೂ ಕೂಗಿ ದಣಿಯುವತನಕ ಕಾಯುತ್ತಿದ್ದರು. ಆಮೇಲೆ, “ಜರಾ ತಡೀರಿ, ಹೋದಾವ್ನ ಬಾಜೂನೂ ಕೇಳ್ರಿ,” ಎನ್ನುತ್ತಿದ್ದರು. “ನಡು ಹಾಡಿನ್ಯಾಗ ಎದ್ದು ಹೋಗೂದು ಯಾರಿಗೂ ಹೌಸಿ ಇರಂಗಿಲ್ಲ. ಒಳಗ ಎಷ್ಟು ದಿನದ್ದು ತುಂಬಿತ್ತೋ ಏನೋ.”

“ತುಂಬಿದ್ರ ಹೇಳಬೇಕ್ರಿ. ಬಾಯಿ ಇತ್ತಿಲ್ಲೋ ಅವಗ?” ಎಂದು ನಾನು ಏರಿ ಹೋಗುತ್ತಿದ್ದೆ.

“ಹೇಳಿದ್ದು ಕೇಳೂ ಮಂದಿ ಇತ್ತೋ ಇಲ್ಲೋ ತಂಗಿ. ಅದೂ ನೋಡಬೇಕಲ್ಲ.”

ತಾಲೂಕಿನ ಅಭಿಮಾನ ಎಂದು ನಾವೆಲ್ಲ ನಗುತ್ತಿದ್ದೆವು. ಆಮೇಲೆ ಅವರಿಗೆ ಭಾಲ್ಕಿಗೆ ವರ್ಗವಾಯಿತು. ಭಾಲ್ಕಿ ಬಸ್ಸಿನಿಂದ ಇಳಿದು ನಿಯಮದ ಪ್ರಕಾರ ನಮ್ಮ ಬೆಂಚಿಗೆ ಬಂದು ಕೂತರು. ಬಸಣ್ಣ ಕೈ ಕುಲುಕಿ, “ಈಗ ಬಂದ್ರಿ ನೋಡ್ರಿ ದಾರಿಗಿ,” ಎಂದ. ಅವರು ಬಸಿಯ ಚಹಾ ಊದಿದರು. “ಜರಾ ತಡೀರಿ, ಹೋದಾವ್ನ ಬಾಜೂನೂ ಕೇಳ್ರಿ,” ಎಂದರು. ಎರಡೂ ಬೆಂಚು ಹೊಟ್ಟೆ ಹಿಡಿದುಕೊಂಡು ನಕ್ಕವು. ಅವರೂ ನಕ್ಕರು.

ಅದೇ ವರ್ಷ ನಮ್ಮ ಎಮ್ಮೆ ಮೇವು ಬಿಟ್ಟಿತು. ಧನರಾಜಣ್ಣ ಮನೆಗೆ ಬಂದು ಇಂಜೆಕ್ಷನ್ ಕೊಟ್ಟರು. ನಮ್ಮವ್ವ ಚಹಾ ತಂದಿಟ್ಟು, ತನ್ನ ರೂಢಿಯಂತೆ ಸೀದಾ ಕೇಳಿದಳು: “ಮನ್ಯಾಗ ಯಾರ್ಯಾರು ಇದ್ದೀರಪಾ?”

“ನಾ ಒಬ್ಬವನೇ ಅದೀನಿ, ಯವ್ವಾ.”

“ಯಾಕ, ಲಗ್ನ ಆಗಿಲ್ಲೇನು?”

“ಆಗ್ಯಾದ್ರಿ. ಮೆಹಕರದಾಗ ಅದಾಳ ಶಾಂತಾ, ತವರ ಮನ್ಯಾಗ. ಹೋಗಿ ಭಾಳ ವರ್ಷ ಆಯ್ತು.”

ನಾನು ಕಣ್ಣು ಸನ್ನೆ ಮಾಡಿದೆ. ಅವ್ವ ಎಲ್ಲಿ ನಿಲ್ಲುತ್ತಾಳೆ. “ತಪ್ಪು ಯಾರದಿತ್ತು?” ಎಂದಳು.

ಧನರಾಜಣ್ಣ ಎಮ್ಮೆಯ ಕಡೆಗೆ ತಿರುಗಿ ಅದರ ಕುತ್ತಿಗೆ ನೀವತೊಡಗಿದರು. “ಅದೇ ತಿಳೀವಲ್ದು ನೋಡ್ರಿ. ಉಣ್ಣಾಕ ಕುಂತಿದ್ದಿವಿ. ನಡುವೇ ಎದ್ಲು, ಕೈ ತೊಳಕೊಂಡ್ಲು, ಚೀಲ ತಗೊಂಡು ಬಸ್ಸಿಗಿ ಹೋದಳು. ನಾ ಏನೂ ಅಂದಿದ್ದಿಲ್ಲ ಯವ್ವಾ. ಈಗ ಅನಸ್ತದ, ಏನೂ ಅನದೇ ಇದ್ದಿದ್ದೇ ತಪ್ಪಾಯ್ತೇನೋ. ಹಿಂದಿಂದ ಹೋಗಿ ಕರೀಲಿಲ್ಲ. ಅಕಿ ಬರ್ತಾಳಂತ ನಾ ಕುಂತೆ, ನಾ ಬರ್ತೇನಂತ ಅಕಿ ಕುಂತಿದ್ಲೋ ಏನೋ. ಯಾರದಂತ ಹೇಳಬೇಕು?”

ಅವ್ವ ಅವರ ಬಸಿಗೆ ಇನ್ನಷ್ಟು ಚಹಾ ಹೊಯ್ದಳು. ಅವರು ಹೋದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಪಾಪ, ಮಾತಾಡಾಕೂ ಯಾರಿಲ್ಲ ಅವಗ,” ಎಂದಳು. ಅಲ್ಲಿಯತನಕ ನಾನು ಅವರನ್ನು ಬ್ಯಾಂಡಿನ ಹುಚ್ಚ ಎಂದಷ್ಟೇ ತಿಳಿದಿದ್ದೆ. ಆ ಮೇಲಿನ ಐತವಾರ ಬಸಣ್ಣ ಎಂದಿನಂತೆ ಮೇಜು ಗುದ್ದಿ, “ಎದ್ದು ಹೋದವರಿಗೆ ಮಾಫಿ ಇಲ್ಲ,” ಎಂದಾಗ ಧನರಾಜಣ್ಣನ ಮುಖ ನೋಡಿದೆ. ಅವರು ನಿಜವಾಗಿಯೂ ಉತ್ತರ ಹುಡುಕುತ್ತಿದ್ದರು. ನಾವು ಹೊತ್ತು ಕಳೆಯಲು ಜಗಳಾಡುತ್ತಿದ್ದೆವು, ಅವರಿಗೆ ಅದು ತೀರ್ಪಾಗಿ ಬೇಕಿತ್ತು. ಹೋದವರು ಯಾಕೆ ಹೋದರು, ಉಳಿದವನು ಏನು ಮಾಡಬೇಕಿತ್ತು, ಯಾರಾದರೂ ಹೇಳಿಯಾರೆಂದು ಐತವಾರ ಐತವಾರ ಬಸ್ಸು ಹತ್ತಿ ಬರುತ್ತಿದ್ದರು. ಅದು ತಿಳಿದ ಮೇಲೆ ನನಗೆ ವಾದದಲ್ಲಿ ಮೊದಲಿನ ರುಚಿ ಉಳಿಯಲಿಲ್ಲ.

ವರ್ಷಗಳು ಹೋದವು. ಬೆಂಚುಗಳು ತೆಳ್ಳಗಾದವು. ಕೆಲವರಿಗೆ ಮಕ್ಕಳು ಮರಿ, ಕೆಲವರಿಗೆ ಸಕ್ಕರೆ ಕಾಯಿಲೆ. ಉಳಿದವರ ಜಗಳ ವಾಟ್ಸಾಪ್ ಗುಂಪಿಗೆ ಹೋಯಿತು. ಅಲ್ಲಿ ಒಬ್ಬರನ್ನೊಬ್ಬರು ಮನಸಾರೆ ಬೈಯಲೂ ಆಗುವುದಿಲ್ಲ, ಬರೀ ಬೊಂಬೆ ಮುಖ ಕಳಿಸುವುದು. ಐತವಾರ ಹೋಟೆಲಿಗೆ ತಪ್ಪದೆ ಬರುತ್ತಿದ್ದವರು ಧನರಾಜಣ್ಣ ಮತ್ತು ನಾನು, ಇಬ್ಬರೇ. ಅವರು ಮತ್ತೆ ಔರಾದಿಗೆ ವರ್ಗವಾಗಿ ಎದುರು ಬೆಂಚಿಗೆ ಹೋಗಿದ್ದರು. ಇಬ್ಬರೇ ಇದ್ದರೂ ನಾವು ಒಂದೇ ಬೆಂಚಿನಲ್ಲಿ ಕೂತದ್ದಿಲ್ಲ. ಮದುವೆಯಾಗದ ನಾನು, ಮದುವೆಯಾಗಿಯೂ ಒಂಟಿಯಾದ ಅವರು, ಎಂದೋ ಒಡೆದ ಬ್ಯಾಂಡಿನ ಹೆಸರಿನಲ್ಲಿ ಎದುರುಬದುರು ಕೂತು ಚಹಾ ಕುಡಿಯುತ್ತಿದ್ದೆವು. ನೋಡಿದವರು ಏನಂದುಕೊಂಡರೋ, ನನಗಂತೂ ವಾರದಲ್ಲಿ ಅದೊಂದೇ ಹೊತ್ತು ಮನಸ್ಸಿಗೆ ಹಗುರವಾಗಿರುತ್ತಿತ್ತು.

ಹೋದ ವರ್ಷ ಗುಂಪಿನಲ್ಲಿ ಸುದ್ದಿ ಬಂತು. ಹಳೆಯ ವಿದ್ಯಾರ್ಥಿಗಳ ಸಮಾರಂಭದಲ್ಲಿ ಕರಿಬೆಳ್ಳಿ ಮತ್ತೆ ಹಾಡುತ್ತದೆ, ಅನಿಲ ಮತ್ತು ರಾಜು ಒಂದೇ ವೇದಿಕೆಗೆ ಬರುತ್ತಾರೆ. ಮರುಕ್ಷಣವೇ ಧನರಾಜಣ್ಣನ ಫೋನು.

“ತಂಗಿ, ಖರೆ ಅದ ಏನು?”

“ಖರೇನೇ ಅಂತ್ರಿ ಅಣ್ಣಾ.”

“ಮೊದಲು ಯಾರು ಮಾತಾಡಿಸಿದ್ರಂತ?”

“ಯಾರೋ ಮಾತಾಡಿಸಿರ್ತಾರ, ಬಿಡ್ರಿ. ಹಾಡ್ತಾರಲ್ಲ, ಸಾಕು.”

“ಹಂಗಲ್ಲ. ಅದು ತಿಳೀಬೇಕು. ಹೋದಾವನೇ ತಿರುಗಿ ಬಂದನೋ, ಇದ್ದಾವ ಹೋಗಿ ಕರದನೋ? ಜರಾ ಕೇಳಿ ಹೇಳು.”

ಬಸಣ್ಣನನ್ನು ಕೇಳಿ, ಬಸಣ್ಣ ಹಲಬರ್ಗಾದಲ್ಲಿ ಕೇಳಿ, ಸಂಜೆಗೆ ಉತ್ತರ ಸಿಕ್ಕಿತು. ಅನಿಲನೇ ಒಂದು ಮುಂಜಾನೆ ಠಾಣಾ ಕುಶನೂರಿಗೆ ಹೋಗಿ ರಾಜುವಿನ ಬಾಗಿಲಲ್ಲಿ ನಿಂತನಂತೆ. ಫೋನಿನಲ್ಲಿ ಹೇಳಿದೆ. ಧನರಾಜಣ್ಣ ಇನ್ನೊಮ್ಮೆ ಹೇಳಿಸಿದರು. ಆಮೇಲೆ, “ಹಂಗಾದ್ರ ಇದ್ದಾವ ಹೋಗಿ ಕರೀಬೌದು. ತಡಾ ಆದ್ರೂ ನಡೀತದ,” ಎಂದರು. ಕಾರ್ಯಕ್ರಮದ ಸಂಭ್ರಮದಲ್ಲಿ ಅದೂ ಬ್ಯಾಂಡಿನ ಮಾತೆಂದೇ ನಾನು ಹೂಂಗುಟ್ಟಿದೆ.

ಕಾರ್ಯಕ್ರಮ ಚೆನ್ನಾಗಾಯಿತು. ಅನಿಲನಿಗೆ ಹೊಟ್ಟೆ ಬಂದಿತ್ತು, ರಾಜುವಿನ ತಲೆ ಬೆಳ್ಳಗಾಗಿತ್ತು, ಆದರೂ ನಾವು ಕುಣಿದೆವು. ಯಾರೋ ಹಿಂದಿನಿಂದ, “ಅವತ್ತು ತಪ್ಪು ಯಾರದಿತ್ರಿ?” ಎಂದು ಕೂಗಿದರು. ಇಬ್ಬರೂ ಮುಖ ಮುಖ ನೋಡಿ ನಕ್ಕು ಮುಂದಿನ ಹಾಡು ಎತ್ತಿಕೊಂಡರು. ಧನರಾಜಣ್ಣ ಎಲ್ಲಿಯೂ ಕಾಣಲಿಲ್ಲ. ಒಂದೂ ಕಾರ್ಯಕ್ರಮ ತಪ್ಪಿಸದವರು ಇದನ್ನು ತಪ್ಪಿಸಿದರಲ್ಲ ಎಂದು ನನಗೆ ಸಿಟ್ಟೇ ಬಂತು. ಮುಂದಿನ ಐತವಾರ ಚೆನ್ನಾಗಿ ಬೈಯಬೇಕೆಂದು ಹೋದೆ.

ಅವರು ಆಗಲೇ ಬಂದಿದ್ದರು. ಔರಾದ ಬಸ್ಸಿನಲ್ಲಿ ಬಂದರೂ ನನ್ನ ಬೆಂಚಿನಲ್ಲಿ ಕೂತಿದ್ದರು.

“ಎಲ್ಲಿ ಹೋಗಿದ್ರಿ ಅಣ್ಣಾ?”

“ಮೆಹಕರಕ್ಕ.”

ನಾನು ಬೈಯಲು ಬಂದದ್ದನ್ನು ಮರೆತೆ. ಅವರೇ ಹೇಳಿದರು.

“ಚಲೋ ಮಾತಾಡಿಸಿದ್ಲು. ಅಂಗಳದಾಗ ಖುರ್ಚಿ ಹಾಕಿದ್ಲು, ಚಾ ಮಾಡಿದ್ಲು. ಊರಾಗ ಅಂಗನವಾಡಿ ನಡಸ್ತಾಳ. ಸಣ್ಣ ಸಣ್ಣ ಹುಡುಗ್ರು ಬಂದು ಅಕಿ ಸೀರಿ ಹಿಡಿದು ಎಳೀತಿದ್ವು. ನಗಲತ್ತಿದ್ಲು. ನನ್ನ ಮನ್ಯಾಗ ಹಂಗ ನಕ್ಕಿದ್ದು ನಾ ನೋಡಿಲ್ಲ ತಂಗಿ. ‘ನಡಿ ಶಾಂತಾ, ಕರೀಲಾಕ ಬಂದೀನಿ,’ ಅಂದೆ. ‘ಇಲ್ಲೇ ಚಲೋ ಅದೀನ್ರಿ,’ ಅಂದ್ಲು. ಸಿಟ್ಟಿಲೆ ಅನಲಿಲ್ಲ. ಸಿಟ್ಟಿದ್ರ ನಾ ಇನ್ನೊಂದು ಮಾತು ಆಡ್ತಿದ್ದೆ.”

ಚಹಾ ಬಸಿಯಲ್ಲಿ ಹಾಗೇ ಆರುತ್ತಿತ್ತು.

“ಕಡೀಗಿ ಕೇಳಿದೆ. ಅವತ್ತು ತಪ್ಪು ಯಾರದಿತ್ತು ಶಾಂತಾ, ನಂದೋ ನಿಂದೋ, ಅದೊಂದು ಹೇಳಿಬಿಡು ಅಂದೆ. ಅಕಿ ನನ್ನ ಮಾರಿನೇ ನೋಡಿದ್ಲು. ‘ಅದನ್ನ ಇನ್ನೂ ಹಿಡಕೊಂಡು ಕುಂತೀರೇನು? ನನಗ ನೆಪ್ಪೇ ಇಲ್ರಿ,’ ಅಂದ್ಲು. ಬಸ್ ಸ್ಟ್ಯಾಂಡ್ ತನಕ ಬಂದು ಬಸ್ಸಿಗಿ ಹತ್ತಿಸಿದ್ಲು.” ಅವರು ಕೈಯಿಂದ ಮುಖ ಉಜ್ಜಿಕೊಂಡರು. “ಇಷ್ಟು ವರ್ಷ ಅಕಿ ಜೋಡಿ ಜಗಳಾಡ್ಲತ್ತೀನಿ ಅನ್ಕೊಂಡಿದ್ದೆ ತಂಗಿ. ಅಲ್ಲಿ ನೋಡಿದ್ರ ಎದುರಿಗಿ ಯಾರೂ ಇದ್ದಿದ್ದಿಲ್ಲ.”

ಔರಾದ ಬಸ್ಸು ಬಂತು. ಅವರು ಎದ್ದು, “ಬರ್ತೇನಿ,” ಎಂದು ಹೋಗಿ ಹತ್ತಿದರು. ಮುಂದಿನ ಐತವಾರ ಬರಲಿಲ್ಲ, ಅದರ ಮುಂದಿನದೂ ಬರಲಿಲ್ಲ. ಫೋನು ಮಾಡಿದರೆ, “ಇನ್ನ ಬಂದು ಏನು ಮಾತಾಡೂದದ ತಂಗಿ?” ಎಂದರು. ದೀಪಾವಳಿಗೆ ಮುಂಚೆ ನಿದ್ದೆಯಲ್ಲೇ ಹೋಗಿಬಿಟ್ಟರು. ಅವ್ವ ಅತ್ತಳು, ನಾನೂ ಅತ್ತೆ.

ನಾನು ಈಗಲೂ ಐತವಾರ ಬೀದರಿಗೆ ಹೋಗುತ್ತೇನೆ. ಚಹಾ ಹೇಳಿ ಭಾಲ್ಕಿ ಬೆಂಚಿನಲ್ಲಿ ಕೂರುತ್ತೇನೆ. ತಪ್ಪು ರಾಜುವಿನದೇ ಎಂದು ಇವತ್ತಿಗೂ ನನ್ನ ಅಭಿಪ್ರಾಯ. ಅಲ್ಲ ಎನ್ನುವವರು ಯಾರೂ ಇಲ್ಲ.