ಬಗ್ಗಣ್ಣ ಕುರ್ಚಿಯಲ್ಲಿ ಕೂತ ಒಂದು ವಾರ

“ಮಂಡಿ ಕೈಕೊಟ್ಟ ದಿನ ಬಂದು ಹೇಳು. ಅಂಗಡೀಲಿ ನಿಂಗೊಂದು ಕುರ್ಚಿ ಹಾಕಿಸ್ತೀನಿ. ಯಾರ ಮನೆಗೆ ಯಾವ ಮರ ಹೊಂದುತ್ತೆ ಅಂತ ಗಿರಾಕಿಗಳಿಗೆ ಹೇಳ್ತಾ ಆರಾಮಾಗಿ ಕೂತಿರು.”

ಮರದ ನೆಲಹಾಸು ಮಾರುವ ಅಂಗಡಿಯ ದೊಡ್ಡ ಯಜಮಾನರು ಈ ಮಾತು ಹೇಳಿದಾಗ ಅವರ ಕೂದಲು ಇನ್ನೂ ಕಪ್ಪಗಿತ್ತು, ಕೇಳಿಸಿಕೊಂಡ ಮೇಸ್ತ್ರಿಯ ಮಂಡಿ ಇನ್ನೂ ಗಟ್ಟಿಯಾಗಿತ್ತು. ಆ ದಿನಗಳಲ್ಲಿ ಎದುರು ಬೀದಿಯ ಅಂಗಡಿಯವರು ಹೆಚ್ಚು ಕೂಲಿಯ ಆಸೆ ತೋರಿಸಿ ಮೇಸ್ತ್ರಿಯನ್ನು ಕರೆಯುತ್ತಿದ್ದರು. ಅವರು ಹೋಗಲಿಲ್ಲ. ಕೂಲಿ ಇವತ್ತಿನದು, ಕುರ್ಚಿ ಮುಪ್ಪಿನದು ಎಂದು ಹೆಂಡತಿಗೆ ಸಮಾಧಾನ ಹೇಳಿ ಇಲ್ಲೇ ಉಳಿದರು.

ಈಗ ಬೆಳಕು ಹರಿಯುವ ಹೊತ್ತು. ನಾಲ್ಕನೇ ಮಹಡಿಯ ಖಾಲಿ ಮನೆಯಲ್ಲಿ ಅದೇ ಮೇಸ್ತ್ರಿ ಕೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ ಮಲಗಿದ್ದಾರೆ. ನಿನ್ನೆ ಕೂರಿಸಿದ ಹಲಗೆಗಳ ಮೇಲೆ ಕಿಟಕಿಯಿಂದ ಓರೆ ಬಿಸಿಲು ಬೀಳುತ್ತಿದೆ. ಎದ್ದ ಅಂಚು, ಬಿಟ್ಟ ಸಂದಿ ಈ ಬಿಸಿಲಿಗೆ ಮಾತ್ರ ಸಿಕ್ಕಿಬೀಳುತ್ತವೆ. ಸೂರ್ಯ ಮೇಲೇರಿದರೆ ಎಲ್ಲ ತಪ್ಪೂ ಮಾಫಿ. ಅದಕ್ಕೇ ಮೊದಲ ಬಸ್ಸಿಗೆ ಬರುತ್ತಾರೆ. ಒಂದು ಅಂಚಿನ ಮೇಲೆ ಉಗುರು ಆಡಿಸಿ, ರಬ್ಬರ್ ಸುತ್ತಿಗೆಯಿಂದ ಮಗುವಿನ ಬೆನ್ನು ತಟ್ಟುವಷ್ಟೇ ಮೆತ್ತಗೆ ತಟ್ಟುತ್ತಾರೆ. ಇನ್ನೊಮ್ಮೆ ಉಗುರು ಆಡಿಸುತ್ತಾರೆ. ಆಯಿತು.

ಆಮೇಲೆ ಏಳಬೇಕು. ಅದನ್ನು ನೋಡುವುದು ಕಷ್ಟ. ಮೊದಲು ಮಗ್ಗುಲಿಗೆ ಹೊರಳುತ್ತಾರೆ, ಮೊಣಕೈ ಊರುತ್ತಾರೆ, ಕಿಟಕಿಯ ಕಟ್ಟೆ ಹಿಡಿದು ಅರ್ಧಕ್ಕೆ ಎದ್ದು ಅಲ್ಲೇ ನಿಲ್ಲುತ್ತಾರೆ. “ಸ್ವಲ್ಪ ತಡೀರಿ, ಎಡಗಾಲು ಇನ್ನೂ ಕೆಳಗೇ ಇದೆ” ಎಂದು ನನಗೆ ಹೇಳುತ್ತಾರೆ. ನಗುವುದು ಅವರೊಬ್ಬರೇ.

ಎಲ್ಲರಿಗೂ ಅವರು ಬಗ್ಗಣ್ಣ. ಸದಾ ಬಗ್ಗಿರುವವನೆಂದು ಯಾವನೋ ಬಣ್ಣದ ಕೆಲಸದವನು ಇಟ್ಟ ಹೆಸರು, ಮನೆ ಬಾಗಿಲವರೆಗೂ ಬಂದು ಒಳಗೂ ಹೊಕ್ಕಿತು. ಹೆಂಡತಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುತ್ತಾರೆ. ಗಂಡನ ಮಂಡಿಗೆ ಕಟ್ಟುವ ಮೆತ್ತೆಗಳನ್ನು ಹಳೆ ಕಂಬಳಿ ಮಡಚಿ ಹೊಲಿದುಕೊಡುವವರೂ ಅವರೇ. ದೇವರ ಮುಂದೆ ಒಂದು ದಿನ ಮಂಡಿ ಊರದ ಮನುಷ್ಯ ಕಂಡವರ ಮನೆಯಲ್ಲೆಲ್ಲ ಊರುತ್ತಾನೆ ಎಂಬುದು ಆಕೆಯ ಹಳೆಯ ಕುಟುಕು. ಇನ್ನು ನೆಲಕ್ಕೆ ಕೂರಲೇಬಾರದು, ಕೂತರೆ ಕೋಲು ಹಿಡಿಯಬೇಕಾಗುತ್ತದೆ ಎಂದು ವೈದ್ಯರು ಹೇಳಿದ ಮೇಲೆ ಆಕೆ ಕುಟುಕುವುದನ್ನು ಬಿಟ್ಟರು.

ನೆಲವನ್ನು ನಾವು ಯಾರೂ ನೋಡುವುದಿಲ್ಲ. ಮಗು ಹಾಲು ಚೆಲ್ಲಿದಾಗ ನೋಡುತ್ತೇವೆ, ಒರೆಸುತ್ತೇವೆ, ಮರೆಯುತ್ತೇವೆ. ಹಲಗೆಗಳನ್ನು ಕಟ್ಟು ಬಿಚ್ಚಿ ಕೋಣೆಯಲ್ಲಿ ಕೆಲವು ದಿನ ಹಾಗೇ ಬಿಡಬೇಕು, ಮರ ಆ ಮನೆಯ ಗಾಳಿಗೆ ಒಗ್ಗಬೇಕು. ಆ ದಿನಗಳಿಗೆ ಮೇಸ್ತ್ರಿಗೆ ಕೂಲಿಯಿಲ್ಲ. ಒಗ್ಗುವ ಮುನ್ನವೇ ಹಾಕೆಂದು ಅವಸರಪಡಿಸುವವರು ಮನೆಯವರು. ನೆಲ ಉಬ್ಬಿದಾಗ ಬೈಸಿಕೊಳ್ಳುವವರು ಬಗ್ಗಣ್ಣ.

ಇನ್ನೊಂದು ಸಂಗತಿ ಈ ಕಸುಬಿನವರಿಗೆ ಮಾತ್ರ ಗೊತ್ತು. ಎಷ್ಟೇ ಬೆಲೆಯ ಮರವಾಗಲಿ, ಪ್ರತಿ ಕಟ್ಟಿನಲ್ಲೂ ಗಂಟಿರುವ, ಕಪ್ಪು ಗೆರೆ ಓಡಿರುವ ಹಲಗೆಗಳು ಒಂದಿಷ್ಟು ಇದ್ದೇ ಇರುತ್ತವೆ. ಅವು ಗಟ್ಟಿಯೇ, ಕಣ್ಣಿಗೆ ಮಾತ್ರ ಚೆನ್ನಾಗಿಲ್ಲ. ಎಸೆಯುವಂತಿಲ್ಲ. ಮೇಸ್ತ್ರಿಗಳು ಅವನ್ನು ಆರಿಸಿ ಬೇರೆ ಇಟ್ಟುಕೊಂಡು ಮಂಚದ ಕೆಳಗೆ, ಬೀರುವಿನ ಕೆಳಗೆ ಬರುವಂತೆ ಹಾಕುತ್ತಾರೆ. ಹಾಗಾಗಿ ಯಾವ ಮನೆಗೆ ಹೋದರೂ ಬಗ್ಗಣ್ಣ ಕೇಳುವ ಮೊದಲ ಪ್ರಶ್ನೆ ಒಂದೇ: ಮಂಚ ಎಲ್ಲಿ ಬರುತ್ತೆ?

ವೈದ್ಯರ ಮಾತಾದ ಮೇಲೆ ಬಗ್ಗಣ್ಣ ದೊಡ್ಡ ಯಜಮಾನರ ಮುಂದೆ ಹೋಗಿ ನಿಂತರು. ಪ್ಯಾಂಟು ಮೇಲೆತ್ತಿ ಮಂಡಿ ತೋರಿಸಿದರಂತೆ. ಯಜಮಾನರಿಗೆ ಮಾತು ನೆನಪಿತ್ತು. ಈಗ ವ್ಯಾಪಾರ ನೋಡಿಕೊಳ್ಳುವ ಮಗಳಿಗೆ ಹೇಳಿದರು. ಎಲ್ಲರೂ ಮೇಡಂ ಎನ್ನುವ ಆ ಮಗಳು ಮರುದಿನವೇ ಕುರ್ಚಿ ಹಾಕಿಸಿದರು. ಹೆಂಡತಿ ಅಂಗಿಗೆ ಇಸ್ತ್ರಿ ಹಾಕಿಕೊಟ್ಟರು. ಅದು ಚಕ್ರದ ಕುರ್ಚಿ. ಉರುಳಿದರೆ ಅಂಗಡಿಯ ಮರದ ನೆಲಕ್ಕೆ ಗೀರು ಬೀಳುತ್ತದೆಂದು ಬಗ್ಗಣ್ಣ ಎರಡು ದಿನ ಅಲುಗಾಡದೆ ಕೂತಿದ್ದರು.

ವಾರದ ಕೊನೆಗೆ ಒಂದು ಜೋಡಿ ಬಂತು. ಹೊಸ ಮನೆ, ಚಿಕ್ಕ ಮಗು. ಗಂಡನಿಗೆ ಕೊಳೆ ಕಾಣದ ಗಾಢ ಬಣ್ಣ ಬೇಕು, ಹೆಂಡತಿಗೆ ತಿಳಿ ಬಣ್ಣ. ಇದೇ ಜಗಳಕ್ಕೆ ಅಂಗಡಿಗೆ ಅದು ಅವರ ಮೂರನೇ ಭೇಟಿ. ಬಗ್ಗಣ್ಣ ಬಿಸಿಲು ಎತ್ತಲಿಂದ ಬರುತ್ತದೆಂದು ವಿಚಾರಿಸಿದರು. ಗಾಢ ಬಣ್ಣದ ಮೇಲೆ ಧೂಳು ಇನ್ನೂ ಎದ್ದು ಕಾಣುತ್ತದೆ, ತಿಳಿ ಬಣ್ಣದ ಓಕ್ ಮರ ಹಾಕಿಸಿ ಎಂದರು. ಗಂಡ ಒಪ್ಪಿಯೇಬಿಟ್ಟ. ಮೇಡಂ ಬಿಲ್ಲಿಗೆ ಕೈ ಹಾಕಿದರು. ಆಗ ಬಗ್ಗಣ್ಣನ ಬಾಯಿಂದ, ಇಷ್ಟು ವರ್ಷದ ಅಭ್ಯಾಸ, ಆ ಪ್ರಶ್ನೆ ಬಂತು.

“ಮಂಚ ಎಲ್ಲಿ ಬರುತ್ತಮ್ಮಾ?”

“ಯಾಕೆ?”

“ಗಂಟಿರೋ ಹಲಗೆಗಳನ್ನ ಅದರ ಕೆಳಗೆ ಹಾಕಿದ್ರಾಯ್ತು ಅಂತ.”

ಆಕೆ ಕೈಯಲ್ಲಿದ್ದ ಮಾದರಿ ತುಂಡನ್ನು ತಿರುಗಿಸಿ ನೋಡಿದರು. “ಇದರಲ್ಲಿ ಗಂಟೇ ಇಲ್ವಲ್ಲ.”

“ಅದು ತೋರಿಸೋ ತುಂಡಮ್ಮಾ” ಎಂದರು ಬಗ್ಗಣ್ಣ.

ಜೋಡಿ ಎದ್ದು ಹೋಯಿತು. ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಬಗ್ಗಣ್ಣ. ಮರುದಿನ ಆ ಜೋಡಿ ಮತ್ತೆ ಬಂದು, ತಗೊಳ್ಳುತ್ತೇವೆ, ಆದರೆ ಒಂದು ಷರತ್ತು ಎಂದಿತು: ನಿಜ ಹೇಳಿದ ಆ ಹಿರಿಯರೇ ಬಂದು ನೆಲ ಹಾಕಬೇಕು, ಬೇರೆಯವರಾದರೆ ಬೇಡ.

ಮೇಡಂ ಬಗ್ಗಣ್ಣನನ್ನು ಒಳಗೆ ಕರೆದರು. ದನಿ ಬೆಣ್ಣೆಯಷ್ಟು ಮೆತ್ತಗಿತ್ತಂತೆ. “ನೋಡಿ ಬಗ್ಗಣ್ಣ, ಜನ ನಿಮ್ಮನ್ನ ಎಷ್ಟು ನಂಬ್ತಾರೆ. ಇಂಥೋರನ್ನ ಕುರ್ಚೀಲಿ ಕೂರಿಸಿ ಹಾಳು ಮಾಡೋಕಾಗುತ್ತಾ?”

ಈಗ ಮೊದಲ ಬಸ್ಸಿಗೆ ಬಂದು ಅವರು ಕೆನ್ನೆ ಒತ್ತಿ ಮಲಗುವ ಈ ನಾಲ್ಕನೇ ಮಹಡಿಯ ಮನೆ ಆ ಜೋಡಿಯದೇ. ಮನೆಯಾಕೆ ಮಗುವನ್ನೆತ್ತಿಕೊಂಡು ಬಂದು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಡುತ್ತಾರೆ. “ನಿಮ್ಮಂಥೋರು ಈಗ ಎಲ್ಲಿ ಸಿಗ್ತಾರೆ ಹೇಳಿ” ಎನ್ನುತ್ತಾರೆ. ಮನಸಾರೆ ಹೇಳುತ್ತಾರೆ, ಅನುಮಾನವಿಲ್ಲ. ಮೇಸ್ತ್ರಿ ಕುರ್ಚಿಯಿಂದ ಇಳಿದು ಬಂದದ್ದು ಆಕೆಗೆ ತಿಳಿಯದು, ಬಗ್ಗಣ್ಣ ಹೇಳಿಲ್ಲ. ಅಂಗಡಿಯಲ್ಲಿ ಮೇಡಂ ಈಗ ಬಂದವರಿಗೆಲ್ಲ, ಹಲಗೆ ಹಲಗೆಯನ್ನೂ ಆರಿಸಿ ಹಾಕುವ ನಂಬಿಕಸ್ಥ ಮೇಸ್ತ್ರಿ ನಮ್ಮಲ್ಲಿದ್ದಾರೆ ಎನ್ನುತ್ತಾರೆ. ಹಾಗಾಗಿ ಈ ಮನೆಯಾದ ಮೇಲೆ ಇನ್ನೊಂದು, ಅದಾದ ಮೇಲೆ ಮತ್ತೊಂದು ಗೊತ್ತಾಗಿದೆ. ಚಕ್ರದ ಕುರ್ಚಿಯಲ್ಲಿ ಚೆನ್ನಾಗಿ ಮಾತಾಡಬಲ್ಲ ಒಬ್ಬ ಹುಡುಗಿ ಕೂತಿದ್ದಾಳೆ. ಗಿರಾಕಿಗಳ ಮಂಚ ಎಲ್ಲಿದ್ದರೆ ಅವಳಿಗೇನು?

“ಸುಳ್ಳು ಹೇಳಿ ಸಿಕ್ಕಿಬಿದ್ದಿದ್ರೂ ಕುರ್ಚಿ ಹೋಗ್ತಿತ್ತು. ನಿಜ ಹೇಳಿದ್ದಕ್ಕೂ ಹೋಯ್ತು. ಬಾಯಿ ಮುಚ್ಕೊಂಡಿದ್ರೆ ಉಳೀತಿತ್ತು” ಎನ್ನುತ್ತಾರೆ ಹೆಂಡತಿ, ಹೊಸ ಮೆತ್ತೆಗೆ ದಾರ ಪೋಣಿಸುತ್ತ. ಈ ಸಲ ಕಂಬಳಿಯನ್ನು ಇನ್ನೊಂದು ಮಡಿಕೆ ಹೆಚ್ಚಿಗೆ ಮಡಚಿದ್ದಾರೆ. ಅವರು ಕೆಲಸ ಬಿಟ್ಟುಬಿಡಬಾರದೇ ಎಂದು ನಾನು ಕೇಳಿದ್ದಕ್ಕೆ ತಲೆ ಎತ್ತಿ ನೋಡಿ, ಹೊಲಿಗೆ ಮುಂದುವರಿಸಿದರು. ಬಾಡಿಗೆ ಮನೆಯಲ್ಲಿ ಕೇಳಬಾರದ ಪ್ರಶ್ನೆ ಅದು.

ದೊಡ್ಡ ಯಜಮಾನರು ಅಂಗಡಿಯ ಮೇಲಿನ ಮನೆಯಲ್ಲೇ ಇದ್ದಾರೆ. ಬಗ್ಗಣ್ಣ ಹಾಕಿದ ತೇಗದ ನೆಲದ ಮೇಲೆ ಬರಿಗಾಲಲ್ಲಿ ಓಡಾಡುತ್ತಾರೆ. ನಾನು ಕುರ್ಚಿಯ ಮಾತಿನ ವಿಚಾರ ತೆಗೆದಾಗ ಬೇಸರಪಡಲಿಲ್ಲ. ಬಗ್ಗಣ್ಣನಂಥ ಕೆಲಸಗಾರ ಸಿಗುವುದು ಪುಣ್ಯ ಎಂದರು. “ಹಾಕಿಸಿದ್ದೆನಲ್ಲ ಕುರ್ಚಿ? ಒಂದು ವಾರ ಕೂತಿದ್ನಲ್ಲ?” ಎಂದರು. ಮಗಳಿಗೆ ಮತ್ತೊಮ್ಮೆ ಹೇಳುವಿರಾ ಎಂದರೆ, ಅವಳ ವ್ಯಾಪಾರದಲ್ಲಿ ತಾವು ಬಾಯಿ ಹಾಕುವುದಿಲ್ಲ ಎಂದರು.

ನಾನು ಇದನ್ನು ತಿಳಿಸಿದಾಗ ಬಗ್ಗಣ್ಣ ಗೋಡೆ ಬದಿಯ ಕೊನೆಯ ಹಲಗೆಯನ್ನು ಅಳತೆಗೆ ಕೊಯ್ಯುತ್ತಿದ್ದರು. ಗರಗಸ ನಿಲ್ಲಿಸಿದರು. ಬಾಯಿ ಸ್ವಲ್ಪ ಸೊಟ್ಟಗಾಯಿತು.

“ನಾ ಹಾಕಿದ ನೆಲ ಒಂದು ವಾರಕ್ಕೆ ಎದ್ದು ಬಂದ್ರೆ, ಹಾಕಿದ್ದೆನಲ್ಲ ಅಂತ ನಾ ಹೇಳ್ಬೋದಾ?”

ಮತ್ತೆ ಮಂಡಿ ಊರಿ ಹಲಗೆಯನ್ನು ಜಾಗಕ್ಕೆ ತಳ್ಳಿದರು. ಕೂತಿತು.

ದೊಡ್ಡ ಯಜಮಾನರು ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ.