ಕಂಬ ಕೆಮ್ಮುವುದಿಲ್ಲ

ನನಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಇದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ. ತುಮಕೂರಿನ ಸದಾಶಿವನಗರದ ನಮ್ಮ ರಸ್ತೆಯಲ್ಲಿ ನಾನು ಎರಡು ತಿಂಗಳಿಂದ ಕಿವುಡ. ತರಕಾರಿ ಗಾಡಿಯವನು ನನ್ನ ಹತ್ತಿರ ಬಂದಾಗ ಮೈಕು ಆರಿಸಿ ಬಾಯಿಯಲ್ಲೇ ಕೂಗುತ್ತಾನೆ, ಮೈಕಿಗಿಂತ ಅದೇ ಜೋರು.

ಗುಬ್ಬಿ ತಾಲ್ಲೂಕಿನಲ್ಲಿ ಮೂವತ್ತು ವರ್ಷ ಜಮೀನು ಅಳೆಯುತ್ತ ಸರ್ವೆ ಚೈನು ಎಳೆದವನು ನಾನು. ಇದ್ದದ್ದನ್ನು ಇದ್ದಷ್ಟೇ ಹೇಳುವುದು ನನ್ನ ಕಸುಬಾಗಿತ್ತು. ಅಂಥವನು ಕಿವಿಯ ವಿಷಯದಲ್ಲಿ ಸುಳ್ಳು ಹೇಳಿದ್ದು ಹೇಗೆಂಬುದನ್ನೂ ಅಷ್ಟೇ ಅಳತೆಯಲ್ಲಿ ಹೇಳಿಬಿಡುತ್ತೇನೆ.

ಎಲ್ಲಕ್ಕೂ ಮೂಲ ಒಂದು ಕಂಬ. ಅದನ್ನು ನೆಟ್ಟದ್ದು ಸರ್ಕಾರ, ನೆಡಿಸಿದ್ದು ನಾನು. ರಸ್ತೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾದವನು ಏನಾದರೂ ಮಾಡಬೇಕಲ್ಲ? ತಿರುವಿನಲ್ಲಿ ಪೊಲೀಸರ ಕ್ಯಾಮೆರಾ ಕಂಬ ಹಾಕಿಸಬೇಕೆಂದು ಅರ್ಜಿ ಬರೆದು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದೆ. ಎದುರುಮನೆಯ ಮಹಾದೇವಯ್ಯನವರು ಓದದೆಯೇ ಸಹಿ ಹಾಕಿದರು. ಗುಬ್ಬಿ ಕಡೆ ತೆಂಗಿನ ತೋಟ ಇಟ್ಟುಕೊಂಡು ಇಲ್ಲಿ ಮನೆ ಕಟ್ಟಿಸಿರುವ ಹಿರಿಯರು. ಅವರ ಸೊಸೆ ಸವಿತಾ ಕಾಫಿ ತಂದುಕೊಟ್ಟು ಒಂದೇ ಪ್ರಶ್ನೆ ಕೇಳಿದಳು.

"ಅಂಕಲ್, ಅದು ನಮ್ಮನೆ ಗೇಟ್ ಕಡೆನೂ ನೋಡುತ್ತಾ?"

"ತಪ್ಪು ಮಾಡದವರಿಗೆ ಭಯ ಯಾಕಮ್ಮಾ?" ಎಂದೆ. ಎಷ್ಟು ಗಂಭೀರವಾಗಿ ಎಂದೆನೆಂದರೆ ನನ್ನ ದನಿ ನನಗೇ ಹಿಡಿಸಿತು. ಅವಳು ನಕ್ಕು ಲೋಟ ತೆಗೆದುಕೊಂಡು ಹೋದಳು.

ಖಾಸಗಿತನ ಮೂಲಭೂತ ಹಕ್ಕೆಂದು ದೇಶದ ಅತಿ ದೊಡ್ಡ ನ್ಯಾಯಾಲಯವೇ ಹೇಳಿದೆ. ಹೇಳಲಿ, ಸಂತೋಷ. ಆದರೆ ಆ ಮಾತು ದೆಹಲಿಯಿಂದ ನಮ್ಮ ರಸ್ತೆಯ ತಿರುವಿಗೆ ಬರುವಷ್ಟರಲ್ಲಿ ನಾನು ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದಾಗಿತ್ತು. ದೇವತೆಗಳಿಗೆ ಅನಿಮಿಷರೆಂದು ಹೆಸರು, ಅವರು ಕಣ್ಣು ಮಿಟುಕಿಸುವುದಿಲ್ಲವಂತೆ. ಆ ಲೆಕ್ಕದಲ್ಲಿ ನಮ್ಮ ರಸ್ತೆಗೆ ಬಂದದ್ದು ದೇವರೇ. ಒಂದೇ ವ್ಯತ್ಯಾಸ, ದೇವರು ಕಂಡದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಡುವುದಿಲ್ಲ.

ನಾನು ದಿನಾ ಬೆಳಿಗ್ಗೆ ಆರಕ್ಕೆ ಮಂಕಿ ಕ್ಯಾಪು ಹಾಕಿಕೊಂಡು, ಕೈಯಲ್ಲೊಂದು ಕೊಕ್ಕೆ ಕೋಲು ಹಿಡಿದು ಪೂಜೆಗೆ ಹೂವು ಕೀಳಲು ಹೊರಡುತ್ತೇನೆ. ಯಾರ ಹೂವು ಎಂದು ಕೇಳಬೇಡಿ. ಕಾಂಪೌಂಡಿನಿಂದ ಆಚೆ ಬಾಗಿದ ದಾಸವಾಳ ಊರಿನದು, ದೇವರಿಗೆಂದು ಕಿತ್ತರೆ ಅದು ಕಳ್ಳತನವಲ್ಲ. ಇದು ತುಮಕೂರಿನ ಎಲ್ಲ ಬಡಾವಣೆಗಳ ಅಲಿಖಿತ ಕಾನೂನು. ಮಹಾದೇವಯ್ಯನವರ ದಾಸವಾಳ ಚೆನ್ನಾಗಿ ಬಾಗಿತ್ತು. ಅದೇ ಹೊತ್ತಿಗೆ ಸವಿತಾ ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬಿಟ್ಟು, ತಿರುವಿನ ಹೊಂಗೆಮರದ ಕೆಳಗೆ ನಿಂತು ಕುಣಿಗಲ್ಲಿನಲ್ಲಿರುವ ತಾಯಿಗೆ ಫೋನು ಮಾಡುತ್ತಿದ್ದಳು. ಹತ್ತು ನಿಮಿಷ. ಐದು ಜನರ ಆ ಮನೆಯಲ್ಲಿ ಅವಳಿಗೆಂದೇ ಇದ್ದ ಜಾಗ ಆ ಮರದ ನೆರಳು. ಆರು ಗಂಟೆಗೆ ಅದೂ ಇರುತ್ತಿರಲಿಲ್ಲ, ಬರೀ ಮರ.

ನಾನು ಹತ್ತಿರ ಬರುವ ಮೊದಲು ಕೆಮ್ಮುತ್ತಿದ್ದೆ. ಅದು ಗುಬ್ಬಿ ಹತ್ತಿರದ ಕಡಬದಲ್ಲಿ ಕಲಿತ ಪಾಠ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಡಬದ ಕೆರೆಯ ಹಿಂದಿನ ತೋಟವೊಂದನ್ನು ಅಳೆಯುತ್ತ, ಚೈನಿನ ಹಿಂದೆ ನಾನೂ ಒಂದು ಮನೆಯ ಹಿತ್ತಲಿಗೆ ನುಗ್ಗಿಬಿಟ್ಟೆ. ಬಚ್ಚಲ ಒಲೆಯ ಮುಂದೆ ಕೂತಿದ್ದ ಅಜ್ಜಿ ಸೌದೆ ಎತ್ತಿದಳು. "ಏನ್ಲಾ, ಸರ್ಕಾರದೋನಾದ್ರೆ ಕೆಮ್ಮಾಕ್ ಬರಲ್ವಾ ನಿಂಗೆ? ಹೆಣ್ಮಕ್ಳಿರೋ ಹಿತ್ತಲಿಗೆ ಹಂಗೇ ನುಗ್ತೀಯಲ್ಲ!" ಹಳ್ಳಿಯಲ್ಲಿ ಗಂಡಸು ಹಿತ್ತಲಿಗೆ ಬರುವ ಮೊದಲು ಕೆಮ್ಮಬೇಕು. ಒಳಗಿರುವವರು ಸೆರಗು ಸರಿಮಾಡಿಕೊಳ್ಳಲಿ, ಮಾತು ನಿಲ್ಲಿಸಲಿ, ಅತ್ತಿದ್ದರೆ ಕಣ್ಣೊರೆಸಿಕೊಳ್ಳಲಿ. ಗಂಟಲಲ್ಲಿ ಏನೂ ಇಲ್ಲದ ಆ ಕೆಮ್ಮಿನಷ್ಟು ದೊಡ್ಡ ಮರ್ಯಾದೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಕೆಮ್ಮು ಕೇಳಿದರೆ ಸವಿತಾ ದನಿ ತಗ್ಗಿಸುತ್ತಿದ್ದಳು. ಆದರೂ ಹೇಳಿದೆನಲ್ಲ, ನನ್ನ ಕಿವಿ ಚೆನ್ನಾಗಿದೆ. "ಇಲ್ಲ ಕಣಮ್ಮ, ಆರ್ಡರ್ ಕೈಗೆ ಬರೋವರ್ಗೂ ಮಾವಂಗೆ ಹೇಳಲ್ಲ. ಹೋದ್ಸಲ ಹೇಳಿ ಏನಾಯ್ತು ನೋಡ್ದಲ್ಲ." ಊರಾಚೆ ಸತ್ಯಮಂಗಲದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಗಂಡನ ಒಪ್ಪಿಗೆಯಿತ್ತು. ಮನೆಯ ಸೊಸೆ ಹೊರಗೆ ದುಡಿಯುವುದು ಮಾವನಿಗೆ ಒಪ್ಪಿಗೆಯಿರಲಿಲ್ಲ. ಹಿಂದೊಮ್ಮೆ ಸಿಕ್ಕ ಕೆಲಸವನ್ನು ಅವರು ತಪ್ಪಿಸಿದ್ದರು. ಇದನ್ನೆಲ್ಲ ತಿಳಿದೂ ತಿಳಿಯದವನಂತೆ ನಾನು ದಾಸವಾಳದ ಮೊಗ್ಗು ಎಣಿಸುತ್ತಿದ್ದೆ.

ಹೀಗಿರುವಾಗ ರಸ್ತೆಯಲ್ಲಿ ಒಂದು ಸ್ಕೂಟರು ಕಳುವಾಯಿತು. ನಿಜ ಹೇಳಲೇ? ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಕಂಬಕ್ಕೆ ಕೆಲಸ ಸಿಕ್ಕಿತಲ್ಲ! ಪೊಲೀಸಿನವರು ಪೆನ್‌ಡ್ರೈವ್ ತಂದರು. ಕಾರ್ಯದರ್ಶಿಯ ಮನೆಯ ಟಿವಿ ದೊಡ್ಡದೆಂದು ನಮ್ಮ ಹಾಲ್‌ನಲ್ಲೇ ಪ್ರದರ್ಶನ. ಅರ್ಧ ರಸ್ತೆ ಬಂದು ಕೂತಿತು. ಮಹಾದೇವಯ್ಯನವರಿಗೆ ಮುಂದಿನ ಕುರ್ಚಿ. ಸವಿತಾ ನನ್ನ ಹೆಂಡತಿಗೆ ಕಾಫಿ ಕೆಲಸದಲ್ಲಿ ನೆರವಾಗಲು ಅಡುಗೆಮನೆಯಲ್ಲಿದ್ದಳು.

ಕಳ್ಳ ಹೆಲ್ಮೆಟ್ ಹಾಕಿದ್ದ. ಅವನೊಬ್ಬನನ್ನು ಬಿಟ್ಟು ಉಳಿದೆಲ್ಲರ ಮುಖವೂ ಸ್ಪಷ್ಟವಾಗಿ ಬಂದಿತ್ತು. ಭದ್ರತೆ ಎಂದರೆ ಇದೇ ಇರಬೇಕು.

"ಹಿಂದಿನ ಒಂದ್ ವಾರದ್ದು ನೋಡಣ ಸಾರ್, ಹೊಂಚು ಹಾಕಿರ್ತಾನೆ," ಎಂದರು ಪೊಲೀಸಿನವರು. ಖಾಲಿ ಸೈಟಿಗೆ ಕಸ ಎಸೆಯುವವರು ಬಂದರು, ಸಭೆಯಲ್ಲಿ ಇಬ್ಬರು ತಲೆ ತಗ್ಗಿಸಿದರು. ಆಮೇಲೆ ಪರದೆಯ ಮೇಲೆ ಒಂದು ಆಕೃತಿ.

"ಈ ಮಂಕಿ ಕ್ಯಾಪ್ ಯಾರ್ ಸಾರ್? ದಿನಾ ಅದೇ ಟೈಮಿಗೆ ಬರ್ತಾನೆ, ಕಾಂಪೌಂಡ್ ಇಣುಕ್ತಾನೆ. ಕೋಲು ಬೇರೆ ಹಿಡ್ಕೊಂಡವ್ನೆ."

ಕಾಫಿ ತರುತ್ತಿದ್ದ ನನ್ನ ಹೆಂಡತಿ, "ನಮ್ಮನೆಯವ್ರು," ಎಂದಳು.

ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಏಕೆಂದರೆ ನನ್ನ ಪಕ್ಕದಲ್ಲೇ, ಹೊಂಗೆಮರದ ಕೆಳಗೆ, ಕಿವಿಗೆ ಫೋನು ಹಿಡಿದ ಸವಿತಾ ಕಾಣುತ್ತಿದ್ದಳು. ಒಂದು ದಿನವಲ್ಲ, ಏಳೂ ದಿನ. ಮಹಾದೇವಯ್ಯನವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಹೂವಿನ್ ವಿಷ್ಯ ಬುಡಿ ಸರ್ವೆ ಸಾಹೇಬ್ರೇ, ಶಿವನಿಗೆ ತಾನೆ. ನಮ್ ಹುಡ್ಗಿ ದಿನಾ ಹಂಗ್ ಆಚೆ ನಿಂತ್ಕಂಡು ಯಾರ್ ಜೊತೆ ಮಾತಾಡ್ತಾವ್ಳೆ? ಏನಂತಾವ್ಳೆ? ನೀವು ಪಕ್ಕದಲ್ಲೇ ಇದೀರಲ್ಲ, ನಿಮಗ್ ಕೇಳಿರ್ತದೆ."

ಅಡುಗೆಮನೆಯ ಬಾಗಿಲಲ್ಲಿ ಸವಿತಾ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ತಾಯಿಯ ಜೊತೆ ಎನ್ನಬಹುದಿತ್ತು. ಆದರೆ ಮನೆಯೊಳಗೆ ಆಡಲಾಗದ ಮಾತು ಯಾವುದು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು. ತಪ್ಪು ಮಾಡದವರಿಗೆ ಭಯವೇಕೆ ಎಂದು ಕೇಳಿದ್ದೆನಲ್ಲ, ಉತ್ತರ ತಟ್ಟೆ ಹಿಡಿದು ಎದುರಿಗೇ ನಿಂತಿತ್ತು.

"ಏನಂದ್ರಿ?" ಎಂದು ಅಂಗೈಯನ್ನು ಕಿವಿಗೆ ಆನಿಸಿದೆ. "ಈಚೆಗೆ ಕಿವಿ ಮಂದ ನೋಡಿ. ಯಾರು ಏನಂದ್ರೂ ಕೇಳಿಸಲ್ಲ."

ನನ್ನ ಹೆಂಡತಿ ನನ್ನನ್ನೇ ನೋಡಿದಳು. ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಅವಳು ಗೊಣಗಿದ್ದಕ್ಕೆ ಹಾಲ್‌ನಿಂದಲೇ ಉತ್ತರ ಕೊಟ್ಟವನು ನಾನು. ಆದರೂ ಪುಣ್ಯಾತ್ಗಿತ್ತಿ ಹೇಳಿದಳು, "ಹೌದು, ನಾನು ಕೂಗಿ ಕೂಗಿ ಸಾಯ್ತೀನಿ."

ಅಷ್ಟರಲ್ಲಿ ಸವಿತಾಗೆ ದನಿ ಬಂತು. "ಅಮ್ಮನ್ ಜೊತೆ, ಮಾವ. ಮಂಡಿನೋವು ಅವ್ರಿಗೆ. ಒಳಗೆ ಮಾತಾಡಿದ್ರೆ ನಿಮ್ ನಿದ್ದೆ ಕೆಡುತ್ತೆ ಅಂತ."

ಮಹಾದೇವಯ್ಯನವರು "ಹೂಂ" ಎಂದರು. ಆ ಹೂಂ ಎಷ್ಟು ಉದ್ದವಿತ್ತೆಂದು ನಾನು ಬೇಕಾದರೆ ಚೈನು ಹಿಡಿದು ಹೇಳಬಲ್ಲೆ. ಸ್ಕೂಟರು ಇನ್ನೂ ಸಿಕ್ಕಿಲ್ಲ.

ಮಾರನೆಯ ದಿನದಿಂದ ಹೊಂಗೆಮರದ ಕೆಳಗೆ ಯಾರೂ ಇಲ್ಲ. ಮಾವನವರು ಆರಕ್ಕೇ ಎದ್ದು ಜಗುಲಿಯಲ್ಲಿ ಕೂರತೊಡಗಿದರು. ಒಂದು ವಾರ ಹೂವು ಕೀಳಲು ನನಗೂ ಮನಸ್ಸಾಗಲಿಲ್ಲ. ಕಂಬ ಮಾತ್ರ ರೆಪ್ಪೆ ಬಡಿಯದೆ ಖಾಲಿ ಜಾಗವನ್ನು ಕಾಯುತ್ತಿತ್ತು. ನೋಡುವವನು ನೋಡುವ ಮೊದಲು ಒಮ್ಮೆ ಕೆಮ್ಮಬೇಕೆಂದು ಅದಕ್ಕೆ ಹೇಳಿಕೊಡಲು ಕಡಬದ ಆ ಅಜ್ಜಿಯೇ ಬರಬೇಕೇನೋ. ಕಂಬ ತೆಗೆಸೋಣವೆಂದು ಪೊಲೀಸ್ ಕಚೇರಿಗೆ ಹೋಗಿ ವಿಚಾರಿಸಿದೆ. ಹಾಕಿಸಲು ಅರ್ಜಿಯ ನಮೂನೆ ಇದೆ, ತೆಗೆಸಲು ಇಲ್ಲವಂತೆ.

ಕೊನೆಗೆ ಹೆಂಡತಿಯ ಮೂಲಕ ಎದುರುಮನೆಗೆ ಹೇಳಿಕಳಿಸಿದೆ: ನಮ್ಮ ಮನೆಯ ಪಕ್ಕದ ಸಂದಿಯಲ್ಲಿ ನಂದಿಬಟ್ಟಲು ಉದುರಿ ಹಾಳಾಗುತ್ತಿದೆ, ಬೆಳಿಗ್ಗೆ ನಿಮ್ಮ ಸೊಸೆ ಬಂದು ಪೂಜೆಗೆ ಕಿತ್ತುಕೊಂಡು ಹೋಗಲಿ. ದೇವರ ಹೂವಿಗೆ ಮಹಾದೇವಯ್ಯನವರೂ ಬೇಡವೆನ್ನುವಂತಿರಲಿಲ್ಲ. ಆ ಸಂದಿ ಕಂಬಕ್ಕೂ ಕಾಣುವುದಿಲ್ಲ, ಎದುರಿನ ಜಗುಲಿಗೂ ಕಾಣುವುದಿಲ್ಲ. ನಾನೇ ಅಳೆದು ನೋಡಿದ್ದೇನೆ. ಹತ್ತು ನಿಮಿಷದಲ್ಲಿ ಒಂದು ಬುಟ್ಟಿ ಹೂವು ತುಂಬುತ್ತದೆ.

ಈಗ ನಾನು ನನ್ನ ಮನೆಯ ಪಕ್ಕದ ಬಾಗಿಲನ್ನು ತೆಗೆಯುವ ಮೊದಲೇ ಕೆಮ್ಮುತ್ತೇನೆ. ಮೊನ್ನೆ ಹಾಗೆ ಕೆಮ್ಮಿ ಹೊರಗೆ ಬಂದರೆ ಸವಿತಾ ಬುಟ್ಟಿ ಹಿಡಿದು ನಿಂತಿದ್ದಳು. ಇಡೀ ರಸ್ತೆ ನನ್ನೊಡನೆ ಕೂಗಿ ಮಾತಾಡುತ್ತದೆ, ಅವಳು ಮಾತ್ರ ಪಿಸುಗುಟ್ಟಿದಳು.

"ಅಂಕಲ್, ಆರ್ಡರ್ ಬಂತು. ಇವತ್ತು ಮಾವಂಗೆ ನಾನೇ ಹೇಳ್ತೀನಿ."

ನಾನು ಅಂಗೈಯನ್ನು ಕಿವಿಗೆ ಆನಿಸಿದೆ. "ಏನಂದೆ ಮಗಳೇ? ಕೇಳಿಸ್ಲಿಲ್ಲ."

"ಏನಿಲ್ಲ ಬಿಡಿ," ಎಂದು ನಕ್ಕಳು. "ಕೆಮ್ಮು ಜಾಸ್ತಿಯಾಗಿದೆ ನಿಮಗೆ, ಮೆಣಸಿನ ಕಷಾಯ ಕುಡೀರಿ."